ರಾಗಿ ಬಿಸ್ಕತ್ತು ಮತ್ತು ಕೆಂಚಿಯ ಹೊಟ್ಟೆ: ನಾಯಿಗೆ ಮಾಡಿದ ತಿನಿಸಿನಲ್ಲಿ ತಪ್ಪು ಹುಡುಕುವುದು ಹೇಗೆ

ಕಳೆದ ಮಳೆಗಾಲದಲ್ಲಿ ನಮ್ಮ ಕೆಂಚಿಗೆ ಮೂರು ವಾರ ಬಿಟ್ಟು ಬಿಟ್ಟು ಭೇದಿ. ಕೆಂಚಿ ನಾಡು ನಾಯಿ, 16 ಕೆಜಿ, ಐದು ವರ್ಷ, ಮರಿಯಾಗದಂತೆ ಆಪರೇಷನ್ ಆಗಿದೆ. ನಾನು ಅವಳಿಗೆ ಮನೆಯಲ್ಲೇ ರಾಗಿ ಬಿಸ್ಕತ್ತು ಮಾಡಲು ಶುರು ಮಾಡಿದ್ದೂ ಅದೇ ಹೊತ್ತಿಗೆ. ಬಿಸ್ಕತ್ತು ಕೊಟ್ಟ ದಿನ ಭೇದಿ, ಕೊಡದ ದಿನ ಇಲ್ಲ. ಇನ್ನೇನು ಬೇಕು? ರಾಗಿಯೇ ಕಳ್ಳ ಅಂದುಕೊಂಡೆ. ರಾಗಿ ಬಿಟ್ಟು ಗೋಧಿ ಹಾಕಿದೆ. ಗೋಧಿ ಬಿಟ್ಟು ಓಟ್ಸ್ ಹಾಕಿದೆ. ಭೇದಿ ಮಾತ್ರ ನಿಲ್ಲಲಿಲ್ಲ. ಅಸಲು ಕಾರಣ ಸಿಕ್ಕ ಕಥೆ ಕೆಳಗೆ ಬರುತ್ತದೆ. ಆ ಮೂರು ವಾರ ನಾನು ಮಾಡಿದ ತಪ್ಪುಗಳನ್ನು ನೀವು ಮಾಡದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಓದುವುದನ್ನು ನಿಲ್ಲಿಸಿ ಡಾಕ್ಟರ ಬಳಿ ಓಡಬೇಕಾದ ಸಂದರ್ಭ

ನಾಯಿ ನಡುಗುತ್ತಿದೆ, ತೂರಾಡುತ್ತಿದೆ, ಫಿಟ್ಸ್ ಬಂದಿದೆ. ವಸಡು ಬಿಳಿಚಿದೆ. ಮಲದಲ್ಲಿ ರಕ್ತ ಇದೆ, ಅಥವಾ ಮಲ ಡಾಂಬರಿನ ಹಾಗೆ ಕಪ್ಪಗೆ ಅಂಟುತ್ತಿದೆ. ಹೊಟ್ಟೆ ಉಬ್ಬಿಕೊಂಡು, ವಾಂತಿ ಬರುವಂತೆ ಓಕರಿಸಿದರೂ ಏನೂ ಬರುತ್ತಿಲ್ಲ. ಮರಿಗೆ ವಾಂತಿ ಮತ್ತು ಭೇದಿ ಎರಡೂ ಆಗುತ್ತಿವೆ. ಲಸಿಕೆ ಪೂರ್ತಿ ಆಗಿಲ್ಲದ ಮರಿಯಾದರೆ ಪಾರ್ವೋ ಅನ್ನುವ ವೈರಸ್ ರೋಗ ಇರಬಹುದು, ಒಂದು ರಾತ್ರಿಯೂ ಕಾಯುವ ಹಾಗಿಲ್ಲ. ಇವುಗಳಲ್ಲಿ ಯಾವುದಿದ್ದರೂ ಬಿಸ್ಕತ್ತಿನ ತಪ್ಪು ಆಮೇಲೆ ಹುಡುಕೋಣ.

ವಿಷದ್ದೇನೋ ತಿಂದಿದೆ ಅಂತ ಗೊತ್ತಾದರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ನಮ್ಮಲ್ಲಿ ಇದೊಂದು ಹಳೇ ಅಭ್ಯಾಸ. ಆ ಉಪ್ಪೇ ರಕ್ತದಲ್ಲಿ ಸೋಡಿಯಂ ಏರಿಸಿ ಮೆದುಳಿಗೆ ಹೊಡೆಯಬಹುದು. ತಿಂದ ಪೊಟ್ಟಣ, ಎಷ್ಟು ತಿಂದಿತು, ಎಷ್ಟು ಗಂಟೆಗೆ, ನಾಯಿಯ ತೂಕ ಎಷ್ಟು, ಈ ನಾಲ್ಕನ್ನು ಹಿಡಿದುಕೊಂಡು ಹೊರಡಿ. ಡಾಕ್ಟರು ಕೇಳುವುದೇ ಇದನ್ನು.

ನಾನು ಮಾಡುವ ಬಿಸ್ಕತ್ತು

ತಪ್ಪು ಹುಡುಕಬೇಕಾದರೆ ಸರಿಯಾದ್ದು ಹೇಗಿರುತ್ತದೆ ಅಂತ ಮೊದಲು ಗೊತ್ತಿರಬೇಕು. ನನ್ನ ಲೆಕ್ಕ ಇದು: ರಾಗಿ ಹಿಟ್ಟು 150 ಗ್ರಾಂ, ಗೋಧಿ ಹಿಟ್ಟು 50 ಗ್ರಾಂ, ಬೇಯಿಸಿ ಸಿಪ್ಪೆ ತೆಗೆದು ಹಿಸುಕಿದ ಗೆಣಸು 100 ಗ್ರಾಂ, ಒಂದು ಮೊಟ್ಟೆ, ಬೇಕಾದಷ್ಟು ಬಿಸಿನೀರು. ಉಪ್ಪಿಲ್ಲ, ಬೆಲ್ಲ ಇಲ್ಲ, ಬೇಕಿಂಗ್ ಪೌಡರ್ ಇಲ್ಲ. ಅದು ಉಬ್ಬಿ ಯಾರಿಗೆ ಏನಾಗಬೇಕು? ಚಪಾತಿಗಿಂತ ದಪ್ಪಗೆ ಲಟ್ಟಿಸಿ, ಸುಮಾರು 80 ತುಂಡು ಬರುವ ಹಾಗೆ ಚೌಕ ಚೌಕ ಕತ್ತರಿಸಿ. ಓಟಿಜಿ ಅನ್ನುವ ಕರೆಂಟ್ ಓವನ್‌ನಲ್ಲಿ 160 ಡಿಗ್ರಿ ಸೆಲ್ಸಿಯಸ್‌ಗೆ ಅರ್ಧ ಗಂಟೆ. ಆಮೇಲೆ 100 ಡಿಗ್ರಿಗೆ ಇಳಿಸಿ ಇನ್ನೂ ಮುಕ್ಕಾಲು ಗಂಟೆ. ಅಲ್ಲೇ ಒಳಗೆ ಆರಲು ಬಿಡುವುದು. ಓಟಿಜಿ ಇಲ್ಲದವರು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿ, ಕೊನೆಗೆ ಮುಚ್ಚಳ ತೆಗೆದು ತಿರುಗಿಸುತ್ತಾ ಒಣಗಿಸಬಹುದು. ಹೊತ್ತು ಹಿಡಿಯುತ್ತದೆ, ಆದರೆ ಆಗುತ್ತದೆ.

ಇಡೀ ಹಿಟ್ಟಿನಲ್ಲಿ ಸುಮಾರು 800 ಕ್ಯಾಲೊರಿ. ಒಂದು ತುಂಡಿಗೆ 10. ಈ 10 ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಬಿಸ್ಕತ್ತು ಪುಡಿಪುಡಿಯಾಗುತ್ತದೆ

ರಾಗಿಯಲ್ಲಿ ಗೋಧಿಯ ಅಂಟು ಇಲ್ಲ. ತಣ್ಣೀರಲ್ಲಿ ಕಲಸಿದರೆ ಹಿಡಿದುಕೊಳ್ಳುವುದೇ ಇಲ್ಲ. ರಾಗಿ ರೊಟ್ಟಿ ತಟ್ಟಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೂ ನಾಯಿಗೆ ಅಂದ ತಕ್ಷಣ ಅಡುಗೆ ಜ್ಞಾನವೆಲ್ಲ ಮರೆತು ಮೈದಾ ಬಿಸ್ಕತ್ತಿನ ವಿಧಾನ ಹಿಡಿಯುತ್ತೇವೆ. ಕುದಿಯುವ ನೀರು ಹಾಕಿ, ಸೌಟಿನ ಹಿಡಿಯಿಂದ ಕಲಸಿ, ಹತ್ತು ನಿಮಿಷ ಮುಚ್ಚಿಡಿ. ಆಮೇಲೆ ಗೆಣಸು ಸೇರಿಸಿ ನಾದಿ. ಹಿಟ್ಟು ಪೂರ್ತಿ ಆರಿದ ಮೇಲೆ ಮೊಟ್ಟೆ. ಬಿಸಿ ಹಿಟ್ಟಿಗೆ ಒಡೆದರೆ ಮೊಟ್ಟೆ ಅಲ್ಲೇ ಬೆಂದು ಗಂಟಾಗುತ್ತದೆ.

ಇಷ್ಟು ಮಾಡಿದರೂ ಉದುರಿದರೆ ಗೆಣಸು ಕಡಿಮೆಯಾಗಿದೆ. ಅಂಚು ಮಾತ್ರ ಉದುರಿದರೆ ಲಟ್ಟಿಸುವಾಗ ಹಿಟ್ಟು ಒಣಗಿತ್ತು ಅಂತ ಲೆಕ್ಕ, ಒದ್ದೆ ಬಟ್ಟೆ ಮುಚ್ಚಿಟ್ಟುಕೊಳ್ಳಿ. ಪುಡಿಯಾದದ್ದನ್ನು ಎಸೆಯಬೇಡಿ, ಊಟದ ಮೇಲೆ ಉದುರಿಸಿ ಕೊಡಿ.

ನಾಲ್ಕೇ ದಿನಕ್ಕೆ ಮೆತ್ತಗಾಗುತ್ತದೆ, ಬೂಷ್ಟು ಹಿಡಿಯುತ್ತದೆ

ಮನೆ ಬಿಸ್ಕತ್ತಿನ ದೊಡ್ಡ ರೋಗ ಇದೇ. ಮಲೆನಾಡು, ಕರಾವಳಿಯವರಿಗಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಗೋಳು. ಹೊರಗೆ ಗರಿಗರಿ ಆಗಿರುತ್ತದೆ, ಒಳಗೆ ನೀರು ಉಳಿದಿರುತ್ತದೆ. ಡಬ್ಬಿಗೆ ಹಾಕಿ ಮುಚ್ಚಿದ ಮೇಲೆ ಒಳಗಿನ ನೀರು ಮೆಲ್ಲಗೆ ಹೊರಗೆ ಹರಡುತ್ತದೆ. ಮೂರನೇ ದಿನ ಮೆತ್ತಗೆ, ಐದನೇ ದಿನ ಬಿಳಿ ಚುಕ್ಕೆ.

ಪತ್ತೆ ಹಚ್ಚಲು ಎರಡು ದಾರಿ. ಪೂರ್ತಿ ಆರಿದ ಮೇಲೆ ಎಲ್ಲಕ್ಕಿಂತ ದಪ್ಪ ತುಂಡು ತೆಗೆದು ಮುರಿಯಿರಿ. ಟಕ್ ಅಂತ ಸದ್ದಾಗಿ ಮುರಿದರೆ ಸರಿ, ಸ್ವಲ್ಪ ಬಾಗಿ ಮುರಿದರೆ ಇನ್ನೂ ಒಣಗಬೇಕು. ಬಿಸಿ ಇರುವಾಗ ಎಲ್ಲವೂ ಮೆತ್ತಗೇ ಇರುತ್ತವೆ, ಆಗ ಪರೀಕ್ಷೆ ಮಾಡಿ ಗಾಬರಿಯಾಗಬೇಡಿ. ಎರಡನೆಯದು ತಕ್ಕಡಿ. ನನಗೆ ಇದರ ಮೇಲೆಯೇ ನಂಬಿಕೆ ಜಾಸ್ತಿ. ನನ್ನ ಅಳತೆಯ ಹಿಟ್ಟು ನೀರು ಸೇರಿ ಸುಮಾರು 400 ಗ್ರಾಂ ತೂಗುತ್ತದೆ. ಅದರಲ್ಲಿ ಒಣ ಪದಾರ್ಥ ಇರುವುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ಬೆಂದು ಒಣಗಿದ ಮೇಲೆ 240 ಗ್ರಾಂ ಹತ್ತಿರ ಬಂದಿರಬೇಕು. 280 ಇದ್ದರೆ ಕಣ್ಣಿಗೆ ಎಷ್ಟೇ ಚೆನ್ನಾಗಿ ಕಂಡರೂ ಅದು ಡಬ್ಬಿಗೆ ಹೋಗಬಾರದು. ಮತ್ತೆ ಓಟಿಜಿಗೆ ಹಾಕಿ, ಇಲ್ಲವೇ ಫ್ರಿಜ್‌ನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಿ.

ಕೋಳಿ, ಮೀನು, ಲಿವರ್ ಸೇರಿಸಿ ಮಾಡಿದ್ದನ್ನು ಎಷ್ಟೇ ಒಣಗಿದ್ದರೂ ನಾನು ಹೊರಗೆ ಇಡುವುದಿಲ್ಲ. ಕೋಳಿ ಒಳಗೆ 74 ಡಿಗ್ರಿ ತಲುಪುವ ಹಾಗೆ ಬೆಂದಿರಬೇಕು. ಎರಡು ದಿನಕ್ಕೆ ಬೇಕಾದಷ್ಟು ಫ್ರಿಜ್‌ನಲ್ಲಿ, ಉಳಿದದ್ದು ಫ್ರೀಜರ್‌ನಲ್ಲಿ.

ಬೂಷ್ಟು ಕಂಡರೆ ಆ ತುಂಡೊಂದನ್ನೇ ಎತ್ತಿ ಬಿಸಾಡಿ ಸುಮ್ಮನಾಗಬೇಡಿ. ಡಬ್ಬಿಯೆಲ್ಲ ಖಾಲಿ ಮಾಡಿ. ಕೆಲವು ಬೂಷ್ಟುಗಳ ವಿಷ ನಾಯಿಯ ನರಕ್ಕೆ ಹೊಡೆಯುತ್ತದೆ. ತಿಂದ ಕೆಲವೇ ಗಂಟೆಗಳಲ್ಲಿ ಮೈಯೆಲ್ಲ ನಡುಕ ಬರಬಹುದು. ‘ಬೀದಿ ನಾಯಿಗೆ ಹಾಕಿದರಾಯ್ತು’ ಅನ್ನುವವರೂ ಇದ್ದಾರೆ. ಅದರ ಹೊಟ್ಟೆ ಏನು ಕಬ್ಬಿಣದ್ದಾ? ಕಡಲೆಕಾಯಿ ಬೀಜದ ವಿಷಯದಲ್ಲೂ ಇದೇ ಎಚ್ಚರಿಕೆ. ಸುಕ್ಕುಗಟ್ಟಿದ, ಕಹಿಯಾದ, ಬಣ್ಣ ಕೆಟ್ಟ ಬೀಜದಲ್ಲಿ ಅಫ್ಲಾಟಾಕ್ಸಿನ್ ಅನ್ನುವ ಬೂಷ್ಟಿನ ವಿಷ ಇರಬಹುದು. ಅದು ನಾಯಿಯ ಲಿವರ್ ಹಾಳು ಮಾಡುತ್ತದೆ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ.

ಕಲ್ಲಿನಂತೆ ಗಟ್ಟಿ

ಹೆಬ್ಬೆರಳ ಉಗುರಿನಿಂದ ಒತ್ತಿದರೆ ಗುರುತು ಬೀಳಬೇಕು. ಬೀಳದಿದ್ದರೆ ಅದು ಹಲ್ಲು ಮುರಿಯುವಷ್ಟು ಗಟ್ಟಿ ಇರಬಹುದು, ತೆಳ್ಳಗೆ ಲಟ್ಟಿಸಿ ಮಾಡಿ. ವಯಸ್ಸಾದ ನಾಯಿಗೆ ನೀರಿನಲ್ಲಿ ನೆನೆಸಿ ಕೊಡಿ.

ನಾಯಿ ಮೂಸಿ ನೋಡಿ ಹೋಗಿಬಿಡುತ್ತದೆ

ನಾಯಿಗೆ ರುಚಿಗಿಂತ ವಾಸನೆ ಮುಖ್ಯ. ಜಾಸ್ತಿ ಒಣಗಿದಾಗ ವಾಸನೆ ಹೋಗಿರುತ್ತದೆ. ಹಿಟ್ಟಿಗೆ ನೀರಿನ ಬದಲು ಉಪ್ಪು, ಈರುಳ್ಳಿ ಹಾಕದ ಕೋಳಿ ಬೇಯಿಸಿದ ನೀರು ಹಾಕಿ ನೋಡಿ. ಕೊಡುವ ಮೊದಲು ತವಾ ಮೇಲೆ ಸ್ವಲ್ಪ ಬೆಚ್ಚಗೆ ಮಾಡಿದರೂ ಸಾಕು. ಒಣ ಮೀನಿನ ಪುಡಿ ಹಾಕುವವರಿದ್ದಾರೆ. ನಮ್ಮ ಸಂತೆಯ ಒಣ ಮೀನಿನಲ್ಲಿ ಉಪ್ಪೇ ಜಾಸ್ತಿ, ಬೇಡ.

ನಿನ್ನೆಯವರೆಗೆ ಕುಣಿದು ತಿನ್ನುತ್ತಿದ್ದ ನಾಯಿ ಇವತ್ತು ಮುಖ ತಿರುಗಿಸಿದರೆ ಬಿಸ್ಕತ್ತನ್ನು ಬೈಯಬೇಡಿ. ಬಾಯಿ ತೆರೆದು ಹಲ್ಲು, ವಸಡು ನೋಡಿ. ಜ್ವರ ನೋಡಿ, ನಾಯಿಯ ಮೈಬಿಸಿ ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ಅದಕ್ಕಿಂತ ಮೇಲಿದ್ದರೆ ಜ್ವರ. ಕಿವಿ ಹಿಂದೆ, ಬೆರಳ ಸಂದಿಯಲ್ಲಿ ಉಣ್ಣೆ ಹುಡುಕಿ. ನಮ್ಮ ಕಡೆ ಉಣ್ಣೆಯಿಂದ ಬರುವ ಜ್ವರ ಸಾಮಾನ್ಯ. ಊಟ ಬಿಡುವುದೇ ಎಷ್ಟೋ ಸಲ ಅದರ ಮೊದಲ ಸುಳಿವು.

ಭೇದಿ

ಈಗ ಕೆಂಚಿಯ ಕಥೆ.

ಮೂರು ವಾರ ಹಿಟ್ಟು ಬದಲಾಯಿಸಿ ಸೋತ ಮೇಲೆ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಮಲ ಪರೀಕ್ಷೆ ಮಾಡಿಸಿದರು. ಜಂತು ಇಲ್ಲ. ಆಮೇಲೆ ಒಂದೇ ಪ್ರಶ್ನೆ ಕೇಳಿದರು: ‘ಮನೆಯಲ್ಲಿ ಇವಳಿಗೆ ತಿನ್ನಿಸುವವರು ಎಷ್ಟು ಜನ?’ ನಾನೊಬ್ಬನೇ ಅಂದೆ. ಅವರು ನಕ್ಕರು. ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿ, ಯಾರು ಏನು ಕೊಟ್ಟರೂ ಗಂಟೆ ಸಮೇತ ಬರೆಯಲು ಹೇಳಿ ಅಂದರು.

ಎರಡನೇ ದಿನಕ್ಕೇ ಸಿಕ್ಕಿತು. ಮಧ್ಯಾಹ್ನ ಮೂರೂವರೆ ಎದುರು ಅಜ್ಜಿಯ ಅಕ್ಷರದಲ್ಲಿ ‘ಬಿಸ್ಕತ್ತು, ಹಾಲು’ ಅಂತ ಇತ್ತು. ಕೇಳಿದರೆ, ‘ಪಾಪ, ಒಣಗಿದ್ದನ್ನ ಹೇಗೆ ತಿಂತಾಳೋ? ಒಂದು ಬಟ್ಟಲು ಹಾಲಲ್ಲಿ ನೆನೆಸಿ ಕೊಡ್ತೀನಿ’ ಅಂದರು. ನಾನು ಬಿಸ್ಕತ್ತು ಮಾಡಿದ ದಿನವೆಲ್ಲ ಹಾಲೂ ಹೋಗುತ್ತಿತ್ತು. ಬಿಸ್ಕತ್ತು ಇಲ್ಲದ ದಿನ ನೆನೆಸಲು ಏನೂ ಇಲ್ಲ, ಹಾಲೂ ಇಲ್ಲ. ಬಿಸ್ಕತ್ತಿಗೂ ಭೇದಿಗೂ ಸಂಬಂಧ ಇದೆ ಅನ್ನುವ ನನ್ನ ಲೆಕ್ಕ ಸರಿಯಾಗಿಯೇ ಇತ್ತು. ಕಾರಣ ಮಾತ್ರ ತಪ್ಪಿತ್ತು. ಬೆಳೆದ ನಾಯಿಗಳಲ್ಲಿ ಎಷ್ಟೋ ನಾಯಿಗಳಿಗೆ ಹಾಲಿನಲ್ಲಿರುವ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಅರಗುವುದಿಲ್ಲ. ಅದು ಕರುಳಿನಲ್ಲಿ ನೀರು ಎಳೆದುಕೊಂಡು ಭೇದಿಯಾಗುತ್ತದೆ. ಮೊಸರಿನಲ್ಲಿ ಲ್ಯಾಕ್ಟೋಸ್ ಕಡಿಮೆ, ಒಂದೆರಡು ಚಮಚ ಕೆಂಚಿಗೆ ಒಗ್ಗುತ್ತದೆ.

ಆದ್ದರಿಂದ ಹಿಟ್ಟು ಬದಲಾಯಿಸುವ ಮೊದಲು ಹಾಳೆ ಅಂಟಿಸಿ. ಕೆಲಸದವರು, ಪಕ್ಕದ ಮನೆ ಮಕ್ಕಳು, ಹಾಲು ತರುವವರು, ಎಲ್ಲರ ಹೆಸರೂ ಅದರಲ್ಲಿ ಬರಲಿ. ಬೈಯುವುದಿಲ್ಲ ಅಂತ ಮೊದಲೇ ಹೇಳಿ. ಬೈದರೆ ಬರೆಯುವುದಿಲ್ಲ.

ಜೊತೆಗೆ ಮಲವನ್ನೂ ನೋಡಬೇಕು, ಮುಖ ಸಿಂಡರಿಸದೆ. ದಿನಕ್ಕೆ ಎರಡು ಮೂರು ಸಲ, ಜಾಸ್ತಿ ನೀರಾಗಿ ಹೋದರೆ ಸಾಮಾನ್ಯವಾಗಿ ಸಣ್ಣ ಕರುಳಿನ ತೊಂದರೆ. ಸ್ವಲ್ಪ ಸ್ವಲ್ಪ, ಪದೇ ಪದೇ, ತಿಣುಕಿ, ಲೋಳೆ ಸೇರಿ ಬಂದರೆ ದೊಡ್ಡ ಕರುಳು. ಡಾಕ್ಟರಿಗೆ ಈ ವ್ಯತ್ಯಾಸ ಹೇಳಿದರೆ ಅವರ ಅರ್ಧ ಕೆಲಸ ಮುಗಿಯುತ್ತದೆ. ಕ್ಯಾರೆಟ್ ಚೂರು ಹಾಗೇ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಬೀಟ್‌ರೂಟ್ ಹಾಕಿದ್ದರೆ ಕೆಂಪು ಬಣ್ಣ ರಕ್ತ ಅಲ್ಲದಿರಬಹುದು, ಹಿಟ್ಟಿಗೆ ಏನು ಹಾಕಿದ್ದಿರಿ ನೆನಪಿಸಿಕೊಳ್ಳಿ.

ನಾಯಿ ಚುರುಕಾಗಿದ್ದು, ನೀರು ಕುಡಿಯುತ್ತಿದ್ದರೆ ಎಲ್ಲ ತಿನಿಸೂ ಎರಡು ದಿನ ಬಂದ್. ಮೆತ್ತಗೆ ಬೆಂದ ಅನ್ನ, ಎಲುಬು ಚರ್ಮ ತೆಗೆದು ಬೇಯಿಸಿದ ಕೋಳಿ, ಸ್ವಲ್ಪ ಬೇಯಿಸಿದ ಸಿಹಿಗುಂಬಳ. ಮಲ ಗಟ್ಟಿಯಾದ ಮೇಲೆ ಮೊದಲ ದಿನ ಒಂದೇ ಒಂದು ಬಿಸ್ಕತ್ತು. ಮೂರು ದಿನ ಕಾದು ನೋಡಿ. ಮತ್ತೆ ಭೇದಿಯಾದರೆ ಆಗ ಬಿಸ್ಕತ್ತಿನ ಪದಾರ್ಥಗಳನ್ನು ಒಂದೊಂದಾಗಿ, ಬೇರೆ ಬೇರೆಯಾಗಿ ಬೇಯಿಸಿ, ಒಂದಕ್ಕೆ ಮೂರು ದಿನದಂತೆ ಕೊಟ್ಟು ನೋಡಬೇಕು. ಒಂದೇ ಸಲ ಹಿಟ್ಟೂ ಬದಲು, ಎಣ್ಣೆಯೂ ಬದಲು, ಬ್ರಾಂಡೂ ಬದಲು ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಎರಡು ದಿನದಲ್ಲಿ ಹತೋಟಿಗೆ ಬರದಿದ್ದರೆ, ಅಥವಾ ಹೆಗಲ ಮೇಲಿನ ಚರ್ಮ ಎತ್ತಿ ಬಿಟ್ಟಾಗ ತಕ್ಷಣ ಹಿಂದಕ್ಕೆ ಹೋಗದೆ ನಿಂತರೆ, ಡಾಕ್ಟರು.

ವಾಂತಿ, ಮತ್ತು ಬಿಸ್ಕತ್ತಿನ ಮೇಲೆ ಬೀಳುವ ಸುಳ್ಳು ಆರೋಪ

ಇವತ್ತಿನ ವಾಂತಿಗೆ ಇವತ್ತಿನ ತಿನಿಸೇ ಕಾರಣ ಆಗಬೇಕಿಲ್ಲ. ವಿಷಗಳು ಬೇರೆ ಬೇರೆ ಗಡಿಯಾರ ಇಟ್ಟುಕೊಂಡಿರುತ್ತವೆ.

ಕ್ಸೈಲಿಟಾಲ್ ಅನ್ನುವ ಸಿಹಿಕಾರಕ ಅರ್ಧ ಗಂಟೆಯಲ್ಲೇ ಕೆಲಸ ಶುರು ಮಾಡಬಹುದು. ನಾಯಿಯಲ್ಲಿ ಅದು ಇನ್ಸುಲಿನ್ ಚಿಮ್ಮಿಸಿ ರಕ್ತದ ಸಕ್ಕರೆ ಬೀಳಿಸುತ್ತದೆ. ಕೆಜಿಗೆ 0.1 ಗ್ರಾಂ ಸಾಕು, 0.5 ಗ್ರಾಂ ದಾಟಿದರೆ ಲಿವರಿಗೂ ಅಪಾಯ. ಸಕ್ಕರೆ ಇಲ್ಲದ ಚೂಯಿಂಗ್ ಗಮ್, ಮಿಠಾಯಿ, ಕೆಲವು ಪೀನಟ್ ಬಟರ್‌ಗಳಲ್ಲಿ ಇರುತ್ತದೆ. ಲೇಬಲ್‌ನಲ್ಲಿ ಹೆಸರಿಲ್ಲದಿದ್ದರೂ 967 ಅನ್ನುವ ಸಂಖ್ಯೆ ಇದ್ದರೆ ಅದೇ. ಪೀನಟ್ ಬಟರ್ ಬೇಕಾದರೆ ಕಡಲೆಬೀಜ ಹುರಿದು ಮಿಕ್ಸಿಯಲ್ಲಿ ರುಬ್ಬಿಕೊಳ್ಳಿ, ಐದು ನಿಮಿಷದ ಕೆಲಸ.

ಚಾಕೊಲೇಟಿನ ತೊಂದರೆ ಕೆಲವು ಗಂಟೆಗಳಲ್ಲಿ ಕಾಣುತ್ತದೆ. ಕೆಂಚಿಯಷ್ಟು ದೊಡ್ಡ ನಾಯಿಗೆ ಸುಮಾರು 60 ಗ್ರಾಂ ಡಾರ್ಕ್ ಚಾಕೊಲೇಟ್ ಸಾಕು, ವಾಂತಿ ಚಡಪಡಿಕೆ ಶುರುವಾಗಲು. ಕೋಕೋ ಪುಡಿ ಇನ್ನೂ ಕೆಟ್ಟದ್ದು.

ದ್ರಾಕ್ಷಿ, ಒಣದ್ರಾಕ್ಷಿ ತಿಂದರೆ ಮೊದಲ ದಿನ ವಾಂತಿ, ಆಮೇಲೆ ಒಂದರಿಂದ ಮೂರು ದಿನದಲ್ಲಿ ಕಿಡ್ನಿ ಕೆಡಬಹುದು. ಇಷ್ಟು ತಿಂದರೆ ಪರವಾಗಿಲ್ಲ ಅನ್ನುವ ಲೆಕ್ಕ ಇದಕ್ಕಿಲ್ಲ. ನಮ್ಮಲ್ಲಿ ಇದು ಬಚ್ಚಿಟ್ಟುಕೊಳ್ಳುವ ಜಾಗಗಳನ್ನು ನೋಡಿ: ಕೇಸರಿಬಾತ್, ಪಾಯಸ, ಮದುವೆ ಮನೆಯ ಮೊಸರನ್ನ. ನಾಯಿಗೆ ಮೊಸರನ್ನ ಒಳ್ಳೆಯದು ಅಂತ ಹಾಕುತ್ತೇವೆ, ಅದರಲ್ಲಿ ದ್ರಾಕ್ಷಿ ಇದೆಯಾ ಅಂತ ಯಾರು ನೋಡುತ್ತಾರೆ? ಇನ್ನೊಂದು ಮಾತು. ದ್ರಾಕ್ಷಿಯಲ್ಲಿ ಕಿಡ್ನಿಗೆ ಹೊಡೆಯುವುದು ಟಾರ್ಟಾರಿಕ್ ಆಮ್ಲ ಅಂತ ಪಶುವೈದ್ಯರು ಈಗ ಬಲವಾಗಿ ಶಂಕಿಸುತ್ತಾರೆ. ಹುಣಸೆಹಣ್ಣಿನಲ್ಲೂ ಅದೇ ಆಮ್ಲ ತುಂಬಾ ಇದೆ. ಹುಣಸೆಹಣ್ಣು ತಿಂದು ಕಿಡ್ನಿ ಕೆಟ್ಟ ನಾಯಿಗಳ ಪ್ರಕರಣಗಳು ದಾಖಲಾಗಿವೆ. ಹುಳಿ, ಸಾರು, ಪುಳಿಯೋಗರೆ ಕಲಸಿದ ಅನ್ನವನ್ನು ಇದು ಗೊತ್ತಾದಾಗಿನಿಂದ ನಾನು ಕೆಂಚಿಯ ತಟ್ಟೆಗೆ ಹಾಕಿಲ್ಲ.

ಈರುಳ್ಳಿ, ಬೆಳ್ಳುಳ್ಳಿ ಎಲ್ಲಕ್ಕಿಂತ ನಿಧಾನ. ಕೆಂಪು ರಕ್ತಕಣ ಒಡೆಯುತ್ತವೆ, ಲಕ್ಷಣ ಕಾಣಲು ಮೂರರಿಂದ ಐದು ದಿನ ಬೇಕು. ಸುಸ್ತು, ಬಿಳಿಚಿದ ವಸಡು, ಕಾಫಿ ಬಣ್ಣದ ಮೂತ್ರ. ದೇಹದ ತೂಕದ ನೂರಕ್ಕೆ ಅರ್ಧ ಪಾಲಿನಷ್ಟು, ಅಂದರೆ ಕೆಂಚಿಗೆ 80 ಗ್ರಾಂ ಈರುಳ್ಳಿ, ಒಂದು ಮಧ್ಯಮ ಗಡ್ಡೆ, ಸಾಕಾಗುತ್ತದೆ. ದಿನಾ ಸ್ವಲ್ಪ ಸ್ವಲ್ಪ ತಿಂದರೂ ಸೇರಿಕೊಳ್ಳುತ್ತದೆ. ಬೇಯಿಸಿದರೂ, ಪುಡಿ ಮಾಡಿದರೂ ವಿಷ ವಿಷವೇ. ಭಾನುವಾರದ ಬಿರಿಯಾನಿಯ ಫಲ ಗುರುವಾರ ಕಾಣುತ್ತದೆ. ಬುಧವಾರ ಬಿಸ್ಕತ್ತು ಕೊಟ್ಟಿದ್ದರೆ ಆರೋಪ ಅದರ ಮೇಲೆ.

ಹಬ್ಬದ ಮರುದಿನದ ವಾಂತಿಗೆ ಕೊಬ್ಬನ್ನು ಶಂಕಿಸಿ. ಕರಿದದ್ದು, ತುಪ್ಪ, ಮಾಂಸದ ಚರ್ಮ ಜಾಸ್ತಿಯಾದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಎತ್ತಿ ನಮಸ್ಕಾರ ಮಾಡಿದ ಹಾಗೆ ನಿಂತರೆ ಹೊಟ್ಟೆ ನೋಯುತ್ತಿದೆ ಅಂತ ಅರ್ಥ. ಮನೆ ಮದ್ದು ಬೇಡ. ಬಾಡೂಟದ ಬೆಂದ ಎಲುಬೂ ಬೇಡ. ಅದು ಚೂಪಾಗಿ ಸೀಳಿ ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳುತ್ತದೆ.

ಮೈ ಕೆರೆತ

ಮೊದಲು ಚಿಗಟ, ಉಣ್ಣೆ, ಶಿಲೀಂಧ್ರ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಆಹಾರದ ಅಲರ್ಜಿ ಇದ್ದರೂ ಅದು ಹೆಚ್ಚಾಗಿ ಗೋಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿಗೆ ಇರುತ್ತದೆ. ಪತ್ತೆಗೆ ಇರುವ ನಂಬಿಕಸ್ಥ ದಾರಿ ಒಂದೇ: ಡಾಕ್ಟರು ಹೇಳಿದ, ನಾಯಿ ಹಿಂದೆ ತಿಂದಿಲ್ಲದ ಆಹಾರವನ್ನು ಮಾತ್ರ ಎಂಟು ವಾರ ಕೊಡುವುದು. ಕೆರೆತ ನಿಂತರೆ ಹಳೆಯದನ್ನು ಮತ್ತೆ ಕೊಟ್ಟು ನೋಡುವುದು. ನಡುವೆ ಯಾರೋ ಒಂದು ಗ್ಲೂಕೋಸ್ ಬಿಸ್ಕತ್ತು ಕೊಟ್ಟರೂ ಲೆಕ್ಕ ಮತ್ತೆ ಸೊನ್ನೆಯಿಂದ. ಫ್ರಿಜ್ ಮೇಲಿನ ಹಾಳೆ ಇಲ್ಲೂ ಬೇಕು.

ತೂಕ ಏರುತ್ತಿದೆ

ಪಕ್ಕೆಲುಬಿನ ಮೇಲೆ ಕೈಯಾಡಿಸಿ. ಒತ್ತದೆಯೇ ಎಲುಬು ಕೈಗೆ ಸಿಗಬೇಕು. ಹುಡುಕಬೇಕಾದರೆ ದಪ್ಪಗಾಗಿದೆ.

ಆಪರೇಷನ್ ಆದ 16 ಕೆಜಿ ನಾಯಿಗೆ ದಿನಕ್ಕೆ ಸುಮಾರು 900 ಕ್ಯಾಲೊರಿ ಸಾಕು. ತಿನಿಸು ಅದರಲ್ಲಿ ಹತ್ತನೇ ಒಂದು ಪಾಲು ದಾಟಬಾರದು, ಅಂದರೆ 90. ನನ್ನ ಬಿಸ್ಕತ್ತು ಒಂದಕ್ಕೆ 10, ಆದ್ದರಿಂದ ಒಂಬತ್ತು. ಒಂದು ಚಮಚ ತುಪ್ಪ ಸವರಿದರೆ ಅಲ್ಲೇ 45 ಹೋಯಿತು, ಉಳಿದದ್ದು ನಾಲ್ಕೇ ಬಿಸ್ಕತ್ತು. ಕೊಟ್ಟಷ್ಟನ್ನು ಊಟದಲ್ಲೂ ಕಡಿಮೆ ಮಾಡಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ.

ನಮ್ಮ ಮನೆಯಲ್ಲಿ ಈಗ ಬೆಳಿಗ್ಗೆ ಒಂಬತ್ತು ತುಂಡು ಎಣಿಸಿ ಸಣ್ಣ ಸ್ಟೀಲ್ ಡಬ್ಬಿಗೆ ಹಾಕಿಡುತ್ತೇವೆ. ಯಾರು ಕೊಟ್ಟರೂ ಅದರಿಂದಲೇ ಕೊಡಬೇಕು. ಅಜ್ಜಿ ಒಂದೊಂದನ್ನೂ ನಾಲ್ಕು ಚೂರು ಮಾಡಿ, ನೀರಲ್ಲಿ ನೆನೆಸಿ, ಮಧ್ಯಾಹ್ನವೆಲ್ಲ ಕೊಡುತ್ತಾ ಕೂತಿರುತ್ತಾರೆ. ಸಂಜೆ ಡಬ್ಬಿ ಖಾಲಿಯಾದ ಮೇಲೆ ಯಾರಾದರೂ ಬಂದರೆ ಅವರ ಕೈಗೆ ಸೌತೆಕಾಯಿ ಹೋಳು ಕೊಡುತ್ತೇವೆ.